ತೆಂಗಿನಕಾಯಿ ಇನ್ನೂ ತಲುಪಿಲ್ಲ: ‘ಸುಲಭ ವಲಸೆ’ ಆಪ್‌ಗೆ ಒಂದು ಬಹಿರಂಗ ಪತ್ರ

ಇವರಿಗೆ,
ಶ್ರೀಯುತ ‘ಸುಲಭ ವಲಸೆ’ ಆಪ್ ಅವರು,
ಹಳೆಯ ಫೋನಿನ ಸಾಮಾನನ್ನು ಹೊಸ ಫೋನಿಗೆ ಸಾಗಿಸುವವರು,
ವಾಸ: ಮೋಡಗಳಲ್ಲಿ ಎಲ್ಲೋ.

ವಿಷಯ: ‘ಎಲ್ಲವೂ ಬಂದಿದೆ’ ಎಂದು ತಾವು ತಿಳಿಸಿದ್ದು, ಬಾರದೇ ಇರುವವುಗಳ ಬಗ್ಗೆ.
ಉಲ್ಲೇಖ: ತಮ್ಮ ಹಸಿರು ಟಿಕ್ ಗುರುತು, ಗುರುವಾರ ಮಧ್ಯಾಹ್ನ ಒಂದು ಗಂಟೆ ಇಪ್ಪತ್ತೊಂಬತ್ತು ನಿಮಿಷ.

ಮಾನ್ಯರೇ,

ಹಿರಿಯೂರಿನ ಮುರುಗೇಶಪ್ಪನ ಶರಣು ಶರಣಾರ್ಥಿಗಳು. ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನಂಬುವುದಕ್ಕೆ ಕಾರಣವೂ ಉಂಟು: ಕಳೆದ ವಾರ ಒಂದರಲ್ಲೇ ತಾವು ನಮ್ಮ ತಾಯಿಯವರ ಫೋನಿನಲ್ಲಿ ಇಪ್ಪತ್ತೆರಡು ಸಲ ಪ್ರತ್ಯಕ್ಷರಾಗಿ ‘ನಿಮ್ಮ ಅನುಭವ ಹೇಗಿತ್ತು?’ ಎಂದು ವಿಚಾರಿಸಿದ್ದೀರಿ. ಮೈಯಲ್ಲಿ ಹುಷಾರಿಲ್ಲದವರು ಇಷ್ಟು ಉತ್ಸಾಹದಿಂದ ವಿಚಾರಿಸಲಾರರು. ಆ ಪ್ರಶ್ನೆಗೆ ಉತ್ತರವೇ ಈ ಪತ್ರ. ಉತ್ತರ ಬರೆಯಲೆಂದು ತಾವು ದಯಪಾಲಿಸಿದ ಚೌಕದಲ್ಲಿ ನನ್ನ ಮೊದಲನೆಯ ವಾಕ್ಯವೇ ಹಿಡಿಸದೇ ಹೋದುದರಿಂದ ಬಹಿರಂಗವಾಗಿ ಬರೆಯಬೇಕಾಗಿ ಬಂತು. ಅನ್ಯಥಾ ಭಾವಿಸಬಾರದು.

ಮೊದಲು ನನ್ನ ಪರಿಚಯ. ನಾನು ಮೂವತ್ತನಾಲ್ಕು ವರ್ಷ ನೀರಾವರಿ ಕಚೇರಿಗಳಲ್ಲಿ ಗುಮಾಸ್ತನಾಗಿದ್ದು ಹೋದ ವರ್ಷ ನಿವೃತ್ತನಾದವನು. ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗ, ಕೊನೆಗೆ ಹಿರಿಯೂರು, ಹೀಗೆ ನಾಲ್ಕು ಊರಿನ ನೀರು ಕುಡಿದವನು. ಆದ್ದರಿಂದ ಇದ್ದಲ್ಲಿಂದ ಎದ್ದು ಇನ್ನೊಂದು ಕಡೆಗೆ ಹೋಗುವುದೆಂದರೆ ಏನು, ಏನೇನು ಒಡೆಯುತ್ತದೆ, ಯಾವುದು ಹಿಂದೆ ಉಳಿಯುತ್ತದೆ ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಸಣ್ಣ ಅಹಂಕಾರ ನನಗಿತ್ತು. ಅದನ್ನು ತಾವು ಇಳಿಸಿದ್ದೀರಿ, ಉಪಕಾರವಾಯಿತು.

ನಮ್ಮ ಮನೆಯಲ್ಲಿ ಬಟ್ಟೆ ದೊಡ್ಡವರಿಂದ ಚಿಕ್ಕವರಿಗೆ ಇಳಿಯುತ್ತದೆ, ಫೋನು ಚಿಕ್ಕವರಿಂದ ದೊಡ್ಡವರಿಗೆ ಏರುತ್ತದೆ. ತುಮಕೂರಿನ ಲ್ಯಾಬೊಂದರಲ್ಲಿ ಕೆಲಸ ಮಾಡುವ ನನ್ನ ಮಗಳು ಚೈತ್ರಾ ಹೊಸ ಫೋನು ಕೊಂಡು ತನ್ನ ಹಳೆಯದನ್ನು ಮನೆಗೆ ತಂದಳು. ಅದು ಬಹಳ ದೊಡ್ಡ ಮನೆತನದ ಫೋನು. ನಮ್ಮ ಮನೆಯಲ್ಲಿರುವ ಫೋನುಗಳು, ಟೀವಿ, ತಾಯಿಯವರ ಕೈಗೆ ನನ್ನ ತಂಗಿ ಕಟ್ಟಿದ ಹೆಜ್ಜೆ ಎಣಿಸುವ ಪಟ್ಟಿ, ಎಲ್ಲವೂ ಒಂದು ಕುಲದವಾದರೆ ಬಂದದ್ದು ಇನ್ನೊಂದು ಕುಲದ್ದು. ವರಸೆಯ ಪ್ರಕಾರ ಅದು ನನ್ನ ಪಾಲಿಗೆ ಬರಬೇಕಿತ್ತು. ನಾನು ‘ನನಗೆ ಬೇಡ, ಅಮ್ಮನಿಗಿರಲಿ’ ಎಂದು ತ್ಯಾಗ ಮಾಡಿದೆ. ಈ ತ್ಯಾಗದ ಸುದ್ದಿಯನ್ನು ಬೀದಿಯ ನಾಲ್ಕು ಮನೆಗೆ ನಾನೇ ಹೋಗಿ ಹೇಳಿಯೂ ಬಂದೆ. ಇದರ ಒಳಗುಟ್ಟನ್ನು ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ. ಈಗಲೇ ಹೇಳಿದರೆ ದೂರಿನ ಬಿಗಿ ಸಡಿಲವಾದೀತು.

ನಮ್ಮ ತಾಯಿ ದ್ಯಾಮಮ್ಮನವರಿಗೆ ಈಗ ಎಂಬತ್ತೊಂದು ವರ್ಷ. ಓದು ಬರಹ ಬಾರದು. ಹಾಗೆಂದು ಫೋನು ಬಾರದು ಎಂದು ತಿಳಿದವರು ಮೋಸ ಹೋಗುತ್ತಾರೆ. ಮೂರು ವರ್ಷದ ಹಿಂದೆ ಚೈತ್ರಾ ಅವರ ಹಳೆಯ ಫೋನಿನಲ್ಲಿ ಒಬ್ಬೊಬ್ಬರ ಹೆಸರಿಗೂ ಅವರವರ ಮುಖದ ಚಿತ್ರ ಕೂರಿಸಲು ಹೋದಾಗ, “ಮುಖ ಬ್ಯಾಡ ಕಣವ್ವ. ಕಣ್ಣಿಗೆ ಪೊರೆ ಬಂದ ಮ್ಯಾಲೆ ಎಲ್ಲಾರ ಮುಖಾನೂ ಒಂದೇ ಥರ ಕಾಣ್ತಾವೆ. ಸಾಮಾನು ಹಾಕು, ಗುರುತು ಸಿಗ್ತೈತೆ” ಎಂದು ಅಪ್ಪಣೆ ಕೊಡಿಸಿದರು. ಅದರಂತೆ ಹೊಸದುರ್ಗದಲ್ಲಿರುವ ನನ್ನ ತಂಗಿ ಸರ್ವಮಂಗಳ ತೆಂಗಿನಕಾಯಿಯಾದಳು. ಹಿರೇಗುಂಟನೂರಿನ ನಮ್ಮ ಚಿಕ್ಕಮ್ಮ ಏಕಾಂತಮ್ಮ ಎಮ್ಮೆಯಾದರು. ಸಿರಿಗೆರೆಯಲ್ಲಿ ಕಾಲೇಜು ಓದುವ ತಂಗಿಯ ಮಗ ಪ್ರದೀಪ್ ಕೆಂಪು ಬಸ್ಸಾದ, ಲೈನ್‌ಮನ್ ತಿಪ್ಪೇಶ್ ಏಣಿಯಾದ. ಹೀಗೆ ನಲವತ್ತೊಂದು ಜನ ನಲವತ್ತೊಂದು ಸಾಮಾನುಗಳಾಗಿ ನಮ್ಮ ತಾಯಿಯವರ ಅಂಗೈಯಲ್ಲಿ ಸುಖವಾಗಿದ್ದರು. ನಾಲ್ಕಾರು ಚಿತ್ರ ಬಿಟ್ಟರೆ ಯಾರು ಯಾವ ಸಾಮಾನು ಎಂಬುದು ಅಜ್ಜಿಗೂ ಮೊಮ್ಮಗಳಿಗೂ ಮಾತ್ರ ಗೊತ್ತಿತ್ತು. ಮೊಮ್ಮಗಳು ಕ್ರಮೇಣ ಮರೆತಳು.

ಪ್ರತಿದಿನ ಸಂಜೆ ಆರಕ್ಕೆ ತಾಯಿಯವರು ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕುಳಿತು ತೆಂಗಿನಕಾಯಿ ಒತ್ತುತ್ತಿದ್ದರು. ಆ ಕಡೆಯಿಂದ ಮಗಳು “ಹೇಳವ್ವಾ” ಎಂದರೆ ಮುಕ್ಕಾಲು ಗಂಟೆ ವರದಿ ಸಲ್ಲಿಕೆಯಾಗುತ್ತಿತ್ತು. ವರದಿಯ ಬಹುಭಾಗ ನನ್ನ ಮತ್ತು ನನ್ನ ಹೆಂಡತಿ ದಾಕ್ಷಾಯಿಣಿಯ ನಡವಳಿಕೆಗೆ ಸಂಬಂಧಪಟ್ಟದ್ದು. ನಾವಿಬ್ಬರೂ ಆ ಹೊತ್ತಿಗೆ ಹಿತ್ತಲಿಗೆ ಹೋಗಿ ನಿಲ್ಲುವುದು ಮನೆಯ ಪದ್ಧತಿಯಾಗಿತ್ತು. ಯಾರಾದರೂ ಕರೆ ಮಾಡಿದಾಗಲೂ ಅಷ್ಟೆ, ಪರದೆಯ ತುಂಬ ಎಮ್ಮೆಯೋ ಏಣಿಯೋ ಬಂದು ನಿಂತರೆ ಎತ್ತಿ ಮಾತನಾಡುತ್ತಿದ್ದರು. ಒಟಿಪಿ ಕೇಳಿ ಮೋಸ ಮಾಡುವವರ ಕಾಟ ಹೆಚ್ಚಾದಾಗ ನಾನೇ ಕೂರಿಸಿಕೊಂಡು, ‘ಚಿತ್ರ ಇಲ್ಲದ ಫೋನು ಬಂದರೆ ಯಾವ ಕಾರಣಕ್ಕೂ ಎತ್ತಬೇಡ’ ಎಂದು ಹೇಳಿಕೊಟ್ಟಿದ್ದೆ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ಇನ್ನು ತಮ್ಮ ಆಗಮನದ ವಿಷಯ. ಗುರುವಾರ ಒಳ್ಳೆಯ ದಿನ, ಆದರೆ ಮಧ್ಯಾಹ್ನ ಒಂದೂವರೆಗೆ ರಾಹುಕಾಲ ಹಿಡಿಯುತ್ತದೆ. ರಾಹುಕಾಲ, ಗುಳಿಕಕಾಲ ನೋಡಬೇಡಿರೆಂದು ನಮ್ಮ ಮಠದ ಗುರುಗಳು ಆಶೀರ್ವಚನದಲ್ಲಿ ಹೇಳುತ್ತಲೇ ಇದ್ದಾರೆ, ನಾವೂ ತಲೆಬಾಗಿ ಒಪ್ಪುತ್ತಲೇ ಇದ್ದೇವೆ. ಒಪ್ಪಿಕೊಂಡು ಮನೆಗೆ ಬಂದು ಕ್ಯಾಲೆಂಡರ್ ನೋಡುತ್ತೇವೆ. ಹನ್ನೆರಡು ಮುಕ್ಕಾಲಿಗೆ ಎರಡೂ ಫೋನಿಗೆ ವಿಭೂತಿ ಹಚ್ಚಿ, ಅಕ್ಕಪಕ್ಕ ಮಲಗಿಸಿ, ತಮ್ಮನ್ನು ಆಹ್ವಾನಿಸಿದೆ. ತಾವು ‘ಹನ್ನೆರಡು ನಿಮಿಷ ಉಳಿದಿದೆ’ ಎಂದಿರಿ. ಹತ್ತು ನಿಮಿಷ ಕಳೆದ ಮೇಲೆ ‘ನಾಲ್ಕು ಗಂಟೆ ಉಳಿದಿದೆ’ ಎಂದಿರಿ. ಮರುಕ್ಷಣವೇ ‘ಒಂದು ನಿಮಿಷ’ ಎಂದು, ಆ ಒಂದು ನಿಮಿಷವನ್ನು ಇಪ್ಪತ್ತು ನಿಮಿಷ ನಡೆಸಿದಿರಿ. ಕಾಲವನ್ನು ಹೀಗೆ ಹಿಗ್ಗಿಸಿ ಕುಗ್ಗಿಸುವವರನ್ನು ನಾನು ಕಚೇರಿಯಲ್ಲಿಯೂ ಕಂಡಿರಲಿಲ್ಲ, ಮತ್ತು ನಮ್ಮದು ಆ ವಿಷಯದಲ್ಲಿ ಸಾಧಾರಣ ಕಚೇರಿಯಾಗಿರಲಿಲ್ಲ.

ಒಂದು ಗಂಟೆ ಇಪ್ಪತ್ತೇಳಕ್ಕೆ ತಾವು ಒಂದು ಪ್ರಶ್ನೆ ಕೇಳಿದಿರಿ: ‘ಸಂಪರ್ಕ ಸಂಬಂಧಿತ ಮಾಧ್ಯಮ ನಂಟನ್ನು ಮರುಸ್ಥಾಪಿಸಲು ಬಯಸುವಿರಾ? ಹೆಚ್ಚುವರಿ ಅವಧಿ ಅನ್ವಯಿಸಬಹುದು.’ ಅದು ಕನ್ನಡವೇ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅಕ್ಷರಗಳೆಲ್ಲ ಪರಿಚಯದವೇ ಆಗಿದ್ದವು. ಮೂವತ್ತನಾಲ್ಕು ವರ್ಷ ಸರ್ಕಾರಿ ಟಿಪ್ಪಣಿ ಬರೆದು ಬೇರೆಯವರಿಗೆ ಅರ್ಥವಾಗದ ಹಾಗೆ ಮಾಡಿದ ನನಗೇ ಅರ್ಥವಾಗಲಿಲ್ಲವೆಂದರೆ ತಮ್ಮ ಪಾಂಡಿತ್ಯ ದೊಡ್ಡದು. ಗಡಿಯಾರ ನೋಡಿದೆ. ಮೂರೇ ನಿಮಿಷ. ‘ಬಿಟ್ಟು ಮುಂದೆ ಹೋಗು’ ಒತ್ತಿದೆ. ಆಮೇಲೆ ‘ಹಳೆಯ ಸಾಧನವನ್ನು ಅಳಿಸಲೇ?’ ಎಂದಿರಿ. ಅಳಿಸುವಂಥ ಅಶುಭದ ಕೆಲಸವನ್ನು ರಾಹುಕಾಲದಲ್ಲಿ ಮಾಡಬಾರದಲ್ಲ, ಅದಕ್ಕಾಗಿ ಅವಸರದಿಂದ ಅದನ್ನೂ ಒತ್ತಿದೆ. ಒಂದು ಇಪ್ಪತ್ತೊಂಬತ್ತಕ್ಕೆ ಹಸಿರು ಗುರುತು ಹಾಕಿ ‘ಎಲ್ಲವೂ ಬಂದಿದೆ!’ ಎಂದು ತಾವು ಘೋಷಿಸಿದಾಗ, ರಾಹುವನ್ನು ಒಂದು ನಿಮಿಷದಲ್ಲಿ ಸೋಲಿಸಿದೆನೆಂದು ನಾನು ದಾಕ್ಷಾಯಿಣಿಯ ಕೈಲಿ ಪಾಯಸ ಮಾಡಿಸಿದೆ.

ನಿಜವಾಗಿಯೂ ಬಹಳಷ್ಟು ಬಂದಿತ್ತು, ಸುಳ್ಳು ಹೇಳಬಾರದು. ಯಾರ್‍ಯಾರೋ ಕಳಿಸಿದ ಆರು ಸಾವಿರ ಶುಭೋದಯದ ಗುಲಾಬಿಗಳು ಒಂದು ಎಸಳೂ ಉದುರದೆ ಬಂದವು. ನಾನು ಎಂದೋ ತಪ್ಪಿ ತೆಗೆದ ನನ್ನ ಹೆಬ್ಬೆರಳಿನ ಚಿತ್ರಗಳು ಬಂದವು. ಆದರೆ ಹೊಸ ಫೋನು ಬಂದ ಗಳಿಗೆಯಿಂದ ಮನೆಯ ಸಾಧನಗಳಲ್ಲಿ ಮಾತು ನಿಂತಿತು. ತಾಯಿಯವರು ಫೋನಿನಿಂದ ಟೀವಿಗೆ ಹಾಕಿಕೊಂಡು ಪ್ರವಚನ ಕೇಳುತ್ತಿದ್ದರು. ಈಗ ಟೀವಿಯ ಮುಂದೆಯೇ ಫೋನು ಹಿಡಿದು ನಿಂತರೂ ಅದು ‘ಹತ್ತಿರದಲ್ಲಿ ಯಾವ ಸಾಧನವೂ ಇಲ್ಲ’ ಎನ್ನುತ್ತದೆ. ನಮ್ಮ ಜಿಲ್ಲೆಯಲ್ಲಿ ಭಾಗವಾಗಿ ಬೇಲಿ ಹಾಕಿಕೊಂಡ ದಾಯಾದಿಗಳೂ ಮದುವೆಗೆ, ಮಣ್ಣಿಗೆ ಒಂದು ಮಾತಾಡುತ್ತಾರೆ. ಕೈಪಟ್ಟಿಯಂತೂ ಹೊಸ ಫೋನಿನ ಮುಖ ನೋಡಲೊಪ್ಪದೆ, ತಾಯಿಯವರು ಬೆಳಗಿನಿಂದ ಸಂಜೆಯವರೆಗೆ ಇಟ್ಟ ಹೆಜ್ಜೆ ಸೊನ್ನೆ ಎಂದು ದಾಖಲೆ ಇಟ್ಟಿತು. ಫೋನಿಗೆ ಅವರ ಮುಖ ತೋರಿಸಿ ಬೀಗ ಹಾಕಿದಾಗ ಹಣೆಯಲ್ಲಿ ವಿಭೂತಿ ಇತ್ತು. ಈಗ ಸ್ನಾನ ಮಾಡಿ ಬರಿ ಹಣೆಯಲ್ಲಿ ಬಂದರೆ ಅದು ಗುರುತೇ ಹಿಡಿಯುವುದಿಲ್ಲ. ನಮ್ಮ ಮನೆಯಲ್ಲಿ ಆಚಾರ ಇಷ್ಟಾದರೂ ಉಳಿದಿರುವುದಕ್ಕೆ ತಮಗೂ ತಮ್ಮ ಬಳಗಕ್ಕೂ ಋಣಿಯಾಗಿದ್ದೇನೆ.

ಬಾರದೇ ಇದ್ದುದು ಒಂದೇ. ಹೆಸರುಗಳು ಬಂದವು, ಚಿತ್ರಗಳೂ ಬಂದವು, ಯಾವ ಚಿತ್ರ ಯಾರ ಹೆಸರಿನದು ಎಂಬ ಆ ‘ನಂಟು’ ಬರಲಿಲ್ಲ. ಹೆಸರಿನ ಮುಂದೆ ತಾವು ಬಣ್ಣಬಣ್ಣದ ದುಂಡಗಿನ ಬಿಲ್ಲೆ ಇಟ್ಟು, ಒಳಗೆ ಒಂದೊಂದು ಅಕ್ಷರ ಬರೆದಿದ್ದಿರಿ. ನೋಡಲು ಚೆಂದವೇ. ಓದು ಬಾರದವರಿಗೆ ಅದು ನಲವತ್ತೊಂದು ಬಿಲ್ಲೆಗಳ ಸಾಲು, ಅಷ್ಟೆ.

ಈ ಸಂದರ್ಭದಲ್ಲಿ ಗೊಲ್ಲಪ್ಪ ಎಂಬ ಲಾರಿ ಡ್ರೈವರನನ್ನು ತಮಗೆ ಪರಿಚಯಿಸಬೇಕೆಂದು ಮನಸ್ಸಾಗಿದೆ. ಹೊಸದುರ್ಗದಿಂದ ಹೊಳಲ್ಕೆರೆಗೆ, ಅಲ್ಲಿಂದ ದುರ್ಗಕ್ಕೆ, ದುರ್ಗದಿಂದ ಹಿರಿಯೂರಿಗೆ ನಮ್ಮ ಸಂಸಾರವನ್ನು ಸಾಗಿಸಿದವನು ಅವನೇ. ಅವನು ‘ಸುಲಭ’ ಎಂದು ಎಂದೂ ಹೇಳಿದವನಲ್ಲ. ಪ್ರತಿ ಸಲವೂ ಸೊಂಟ ಹಿಡಿದುಕೊಂಡು ಗೊಣಗಿದವನು. ಆದರೆ ಲಾರಿಗೆ ಪಾತ್ರೆ ಏರಿಸುವ ಮೊದಲು ಹಗ್ಗದ ತುಂಡುಗಳನ್ನು ಹಿಡಿದು ಕೂತು, “ಯಾವ ಪಾತ್ರೆ ಮುಚ್ಚಳ ಅದುಕ್ಕೇ ಕಟ್ರಿ ಅಕ್ಕಾರೇ, ಇಲ್ಲಾಂದ್ರೆ ಅಲ್ಲಿ ಹೋಗಿ ಅಡಿಗಿ ಮಾಡಂಗಿಲ್ಲ” ಎನ್ನುತ್ತಿದ್ದ. ತಾವು ಪಾತ್ರೆಗಳನ್ನೆಲ್ಲ ಒಂದು ಮೂಲೆಗೆ, ಮುಚ್ಚಳಗಳನ್ನೆಲ್ಲ ಇನ್ನೊಂದು ಮೂಲೆಗೆ ಸುರಿದು, ಲೆಕ್ಕ ಸರಿಯಾಗಿದೆ ಎಂದು ಹಸಿರು ಗುರುತು ಹಾಕಿ ಹೊರಟುಹೋದಿರಿ.

ತಾಯಿಯವರು ಎರಡು ದಿನ ಫೋನನ್ನು ತಿರುಗಿಸಿ ಮುರುಗಿಸಿ ನೋಡಿ, ಮೂರನೆಯ ದಿನ ದೇವರ ಗೂಡಿನ ಕೆಳಗೆ ಇಟ್ಟರು. ಸಂಜೆ ಆರಕ್ಕೆ ಕಟ್ಟೆಯ ಮೇಲೆ ಕೂರುತ್ತಿದ್ದರು, ಕೈ ಖಾಲಿ. ಹಿತ್ತಲಲ್ಲಿ ನಿಂತಿದ್ದ ನಾನು ಬಂದು, ತಂಗಿಯ ನಂಬರ್ ನಾನೇ ಒತ್ತಿಕೊಡುತ್ತೇನೆ ಎಂದೆ. “ನಿನ್ ಮ್ಯಾಲೆ ಚಾಡಿ ಹೇಳಾಕೆ ನಿನ್ ಕೈಲೇ ಫೋನ್ ಹಚ್ಚಿಸ್ಲೇನಪ್ಪ? ಅಷ್ಟು ಮಾನಗೆಟ್ಟಿಲ್ಲ ನಾನು” ಎಂದು ಎದ್ದು ಹೋದರು. ಹಳೆಯ ಚಿತ್ರಗಳನ್ನು ತೋರಿಸಿ, ಇದು ಯಾರು, ಇದು ಯಾರು ಎಂದು ಕೇಳಿದೆ. ಹೇಳಲಿಲ್ಲ. ಅದರಲ್ಲಿ ಒಂದು ಹಾಗಲಕಾಯಿಯೂ ಇತ್ತು. ಅದನ್ನು ಕಂಡ ದಿನದಿಂದ ದಾಕ್ಷಾಯಿಣಿ ಅತ್ತೆಗೆ ಕಾಫಿಯನ್ನು ಸ್ವಲ್ಪ ಜೋರಾಗಿಯೇ ಕುಕ್ಕುತ್ತಿದ್ದಳು.

ಹೊರಗಿನಿಂದ ಕರೆಗಳು ಬರುತ್ತಲೇ ಇದ್ದವು. ಫೋನು ಹೊಡೆದುಕೊಳ್ಳುತ್ತಿತ್ತು, ತಾಯಿಯವರು ಪರದೆ ನೋಡುತ್ತಿದ್ದರು, ಚಿತ್ರವಿಲ್ಲ, ಕೆಳಗಿಡುತ್ತಿದ್ದರು. ಹೇಳಿಕೊಟ್ಟದ್ದನ್ನು ಈ ವಯಸ್ಸಿನಲ್ಲೂ ಎಷ್ಟು ಚೆನ್ನಾಗಿ ಪಾಲಿಸುತ್ತಾರೆಂದು ನಾನು ಹೆಮ್ಮೆಪಟ್ಟೆ. ದಯಮಾಡಿ ಈ ವಾಕ್ಯವನ್ನು ತಾವು ಎರಡು ಸಲ ಓದಬೇಕು, ನನಗೆ ಅದನ್ನು ಒಂದು ಸಲ ಬರೆಯುವುದೇ ಕಷ್ಟವಾಯಿತು. ತಂಗಿ ನನ್ನ ಫೋನಿಗೆ ಕರೆ ಮಾಡಿದಳು. ಕೊಟ್ಟೆ. ನಾನು ಎದುರಿಗೆ ನಿಂತಿದ್ದೆ. ತಾಯಿಯವರು “ಹ್ಞೂಂ, ಚೆನ್ನಾಗಿದೀನಿ ಕಣೇ” ಎಂದು ಹಿಂದಕ್ಕೆ ಕೊಟ್ಟರು.

ಹನ್ನೆರಡನೆಯ ದಿನ ಬೆಳಿಗ್ಗೆ ಸರ್ವಮಂಗಳ ಹೊಸದುರ್ಗದ ಮೊದಲ ಬಸ್ಸಿಗೆ ಬಂದು ಬಾಗಿಲಲ್ಲಿ ನಿಂತಳು. ಕೈಯಲ್ಲಿ ತೆಂಗಿನಕಾಯಿಯ ಚೀಲ, ಕಣ್ಣಲ್ಲಿ ನನ್ನನ್ನು ಸುಡುವಷ್ಟು ಬೆಂಕಿ. ಅವ್ವನಿಗೆ ಏನೋ ಆಗಿದೆ, ಅಣ್ಣ ಮುಚ್ಚಿಡುತ್ತಿದ್ದಾನೆ ಎಂದು ದಾರಿಯುದ್ದಕ್ಕೂ ಅತ್ತಿದ್ದಳಂತೆ. ತಾಯಿಯವರು ಅವಳ ಕೈ ಹಿಡಿದು ಕೂರಿಸಿಕೊಂಡು, ನನ್ನ ಕಡೆ ನೋಡದೆ, ಒಂದೇ ಮಾತು ಹೇಳಿದರು: “ನನ್ ಫೋನ್ನಾಗೆ ಈಗ ಯಾರೂ ಇಲ್ಲ ಕಣೇ. ಎಲ್ಲಾರೂ ಹೊಂಟೋದ್ರು.”

ಮಾನ್ಯರೇ, ಒಳಗುಟ್ಟನ್ನು ಈಗ ಹೇಳುತ್ತೇನೆ. ನಾನು ಮಾಡಿದ್ದು ತ್ಯಾಗವಲ್ಲ. ಒಂದು ಕುಲದ ಫೋನಿನಿಂದ ಇನ್ನೊಂದಕ್ಕೆ ಹೋದರೆ ನನ್ನ ಸಾಮಾನು ಕಳೆದುಹೋಗಬಹುದೆಂಬ ಭಯ ನನಗೇ ಇತ್ತು. ಮೊದಲು ಅಮ್ಮನ ಫೋನಿನಲ್ಲಿ ಮಾಡಿ ನೋಡೋಣ, ಅವರದರಲ್ಲಿ ಕಳೆದುಹೋಗುವಂಥದ್ದು ಏನಿದೆ ಎಂದುಕೊಂಡೆ. ಬರೆಯುವಾಗ ನಾಚಿಕೆಯಾಗುತ್ತದೆ. ತಮ್ಮ ತಪ್ಪಿನಲ್ಲಿ ಅರ್ಧ ನನ್ನದೆಂದು ಒಪ್ಪಿಕೊಂಡಿದ್ದೇನೆ. ಉಳಿದರ್ಧವನ್ನು ತಾವು ಒಪ್ಪಿಕೊಳ್ಳಬೇಕೆಂದು ಕೋರಿಕೆ.

ಅಂದು ಮಧ್ಯಾಹ್ನ ತಾಯಿ ಮಗಳು ಕೋಣೆಯ ಬಾಗಿಲು ಹಾಕಿಕೊಂಡು ಮುಚ್ಚಳಗಳನ್ನು ಪಾತ್ರೆಗಳಿಗೆ ಕೂರಿಸಲು ಶುರುಮಾಡಿದರು. ಒಂದೂವರೆಯ ಮುಂಚೆ ಮುಗಿಸಿ ಎಂದು ಹೊರಗಿನಿಂದ ನಾನು ಕೂಗಿದ್ದಕ್ಕೆ ಒಳಗಿನಿಂದ “ಇವತ್ತು ಮಂಗಳವಾರ ಕಣೋ ಅಣ್ಣ, ರಾಹುಕಾಲ ಮೂರಕ್ಕೆ, ಸುಮ್ನಿರು” ಎಂದು ಉತ್ತರ ಬಂತು. ಆಗಾಗ ನಗು ಕೇಳಿಸುತ್ತಿತ್ತು. ಹಾಗಲಕಾಯಿ ಯಾರೆಂಬುದು ನಾಲ್ಕು ಗಂಟೆಯ ಹೊತ್ತಿಗೆ ಇತ್ಯರ್ಥವಾಯಿತು: ಸಕ್ಕರೆ ಕಾಯಿಲೆಗೆ ಅದನ್ನೇ ತಿನ್ನಿರೆಂದು ಪೀಡಿಸುವ ಡಾಕ್ಟರು ಬೃಂದಾ. ದಾಕ್ಷಾಯಿಣಿ ಕೊತ್ತಂಬರಿ ಕಟ್ಟು ಎಂದು ಗೊತ್ತಾದ ಮೇಲೆ ಅವಳು ಎಲ್ಲರಿಗೂ ಎರಡನೆಯ ಸಲ ಕಾಫಿ ಮಾಡಿದಳು, ಲೋಟಗಳನ್ನು ಮೆತ್ತಗೆ ಇಟ್ಟಳು.

ಕೊನೆಯಲ್ಲಿ ಒಂದು ಚಿತ್ರ ಉಳಿಯಿತು. ಮೂರು ಅಂತಸ್ತಿನ ಸ್ಟೀಲಿನ ಊಟದ ಡಬ್ಬಿ, ಹಿಡಿ ಸ್ವಲ್ಪ ಸೊಟ್ಟಗಾಗಿದೆ. ಇದು ಯಾರೆಂದು ನಾನು ಕೇಳಿದೆ. ತಂಗಿ ನನ್ನ ಮುಖವನ್ನೇ ನೋಡಿ, “ನೀನೇ ಕಣೋ” ಎಂದಳು. ನಾಲ್ಕೂ ಊರಿನಲ್ಲಿ, ಮಳೆ ಇರಲಿ ಬಿಸಿಲಿರಲಿ, ಬೆಳಿಗ್ಗೆ ಅಮ್ಮನ ಕೈಯಿಂದ ನಾನು ಇಸಿದುಕೊಂಡು ಹೋಗುತ್ತಿದ್ದ ಡಬ್ಬಿ ಅದು. ಮದುವೆಯಾದ ಮೇಲೂ ಅದನ್ನು ತುಂಬುವ ಹಕ್ಕನ್ನು ಅವರು ಬಿಟ್ಟುಕೊಟ್ಟಿರಲಿಲ್ಲ. ನನಗೆ ಅಳು ಬಂತು. ಅದನ್ನೇ ಮತ್ತೆ ನನ್ನ ಹೆಸರಿಗೆ ಹಾಕಮ್ಮ ಎಂದೆ. ತಾಯಿಯವರು ಫೋನಿಗೆ ಬೀಗ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡರು. “ದಿನಾ ಕಣ್ಣೆದುರಿಗೇ ಇರ್ತೀಯಲ್ಲಪ್ಪ, ನಿನಗ್ಯಾಕೆ ಚಿತ್ರ?” ಎಂದರು.

ಆದಕಾರಣ ತಮ್ಮಲ್ಲಿ ನನ್ನ ಪ್ರಾರ್ಥನೆಗಳು ಇಂತಿವೆ. ತಾವು ಒಂದು ದಿನ ಬಿಡುವು ಮಾಡಿಕೊಂಡು ಹಿರಿಯೂರಿಗೆ ದಯಮಾಡಿಸಿ, ಮಾರಿಕಣಿವೆ ಅಣೆಕಟ್ಟೆಯ ಏರಿಯ ಮೇಲೆ ಗೊಲ್ಲಪ್ಪನ ಬಳಿ ಹದಿನೈದು ದಿನ ಹಗ್ಗ ಕಟ್ಟುವ ತರಬೇತಿ ಪಡೆಯಬೇಕು; ಊಟ ವಸತಿ ನಮ್ಮದು. ‘ಎಲ್ಲವೂ’ ಎಂಬ ಪದವನ್ನು ಬಳಸುವ ಮುನ್ನ ಮನೆಯ ಹಿರಿಯರೊಬ್ಬರ ಹೆಬ್ಬೆಟ್ಟು ಪಡೆಯಬೇಕು. ಎರಡೂ ಕುಲದ ಕಂಪನಿಗಳ ಯಜಮಾನರನ್ನು ನಮ್ಮ ಬೇವಿನ ಮರದ ಕಟ್ಟೆಗೆ ಕರೆಸಿ, ಟೀವಿ, ಕೈಪಟ್ಟಿ ಮತ್ತು ಫೋನಿನ ನಡುವೆ ಹಬ್ಬದ ದಿನಗಳಂದಾದರೂ ಮಾತುಕತೆ ನಡೆಯುವಂತೆ ರಾಜಿ ಮಾಡಿಸಬೇಕು. ಪ್ರಶ್ನೆಗಳನ್ನು ರಾಹುಕಾಲಕ್ಕೆ ಒಂದು ತಾಸು ಮುಂಚೆ ಕೇಳಬೇಕು. ಮತ್ತು ಇವೆಲ್ಲ ಆಗದಿದ್ದ ಪಕ್ಷದಲ್ಲಿ, ಆ ಗುರುವಾರವನ್ನು ಹನ್ನೆರಡು ಮುಕ್ಕಾಲಿನಿಂದ ಹಿಂದಕ್ಕೆ ಕೊಡಬೇಕು. ಕಾಲವನ್ನು ಹಿಗ್ಗಿಸಬಲ್ಲ ತಮಗೆ ಇದು ದೊಡ್ಡ ಕೆಲಸವಲ್ಲ.

ನಾನು ಮಾತ್ರ ನನ್ನ ಹಳೆಯ ಫೋನಿನಲ್ಲೇ ಮುಂದುವರಿಯುತ್ತಿದ್ದೇನೆ ಎಂದು ತಿಳಿಸಲು ವಿಷಾದಿಸುವುದಿಲ್ಲ.

ಇಷ್ಟೆಲ್ಲ ಆದರೂ ಕೈಮುಗಿಯುವುದನ್ನು ಬಿಡದ,
ತಮ್ಮ ವಿಶ್ವಾಸಿ,
ಮುರುಗೇಶಪ್ಪ
(ನಿವೃತ್ತ ಗುಮಾಸ್ತ, ಹಿರಿಯೂರು)

ತಾ.ಕ.: ತಾವು ಐದು ನಕ್ಷತ್ರ ತೋರಿಸಿ ಎಷ್ಟು ಕೊಡುತ್ತೀರೆಂದು ಕೇಳಿದ್ದನ್ನು ತಾಯಿಯವರಿಗೆ ಓದಿ ಹೇಳಿದೆ. “ಹಗಲೊತ್ತಿನಾಗೆ ಚುಕ್ಕಿ ಕೇಳ್ತಾನಲ್ಲ, ಅವ್ನಿಗೇನು ಹುಚ್ಚಾ?” ಎಂದರು. ಇದನ್ನೇ ಅವರ ಅಭಿಪ್ರಾಯವೆಂದು ದಾಖಲಿಸಿಕೊಳ್ಳಬಹುದು. ಇನ್ನೊಂದು ವಿಷಯ. ಮೊನ್ನೆ ದುರ್ಗದ ಬಸ್‌ಸ್ಟ್ಯಾಂಡಿನಿಂದ, ಅವರ ಕಣ್ಣಿನ ಔಷಧಿ ಖಾಲಿಯಾಗಿದೆಯೇ ಎಂದು ಕೇಳಲು ತಾಯಿಯವರಿಗೆ ಮೂರು ಸಲ ಕರೆ ಮಾಡಿದೆ. ಎತ್ತಲಿಲ್ಲ. ಗಾಬರಿಯಾಗಿ ಸಿಕ್ಕ ಬಸ್ಸು ಹತ್ತಿ ಮನೆಗೆ ಬಂದರೆ ಕಟ್ಟೆಯ ಮೇಲೆ ಕೂತು ತೆಂಗಿನಕಾಯಿಯೊಂದಿಗೆ ಮಾತನಾಡುತ್ತಿದ್ದರು. ಯಾಕಮ್ಮ ಎತ್ತಲಿಲ್ಲ ಎಂದೆ. “ಚಿತ್ರ ಇಲ್ಲದ್ದು ಎತ್ತಬ್ಯಾಡ ಅಂತ ನೀನೇ ಹೇಳಿದ್ಯಲ್ಲಪ್ಪ” ಎಂದು, ಮತ್ತೆ ಫೋನಿಗೆ, “ಬಂದ ಕಣೇ, ಆಮ್ಯಾಲೆ ಹೇಳ್ತೀನಿ” ಎಂದರು. ತಮ್ಮ ದಾಖಲೆಯ ಪ್ರಕಾರ ಎಲ್ಲವೂ ಬಂದಿದೆ. ನಾನೊಬ್ಬ ಡಬ್ಬಿ ಹಿಡಿದುಕೊಂಡು ತಾವು ಅಳಿಸಿದ ಆ ಫೋನಿನಲ್ಲೇ ನಿಂತಿದ್ದೇನೆ.